ಶನಿವಾರದ ಡಬ್ಬಿ

ಶಿಗ್ಗಾಂವ
೭ ಜೂನ್ ೨೦೨೫, ಶನಿವಾರ

ನೆತ್ತರ ನೆಂಟರ ಬಳಗ, ಹಾನಗಲ್ಲ ಶಾಖೆಯ ಮಾಹೀರಾ ಅವರಿಗೆ,

ಈ ವಾರದ ಡಿಸ್ಕನ್ನು ಎಂದಿನ ಚಕ್ಕುಲಿ ಡಬ್ಬಿಯಲ್ಲಿಟ್ಟು, ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಹಾನಗಲ್ಲ ಬಸ್ಸಿನ ಕಂಡಕ್ಟರ್ ಗುತ್ತೆಪ್ಪನ ಕೈಗೆ ಕೊಟ್ಟಿದ್ದೇನೆ. ಇದನ್ನು ಇಳಿಸಿಕೊಂಡು, ಹೋದ ವಾರದ ಡಿಸ್ಕನ್ನು ಅದೇ ಡಬ್ಬಿಯಲ್ಲಿ ಮರಳಿಸಬೇಕು. ಡಬ್ಬಿಯ ಮುಚ್ಚಳ ಸಡಿಲಾಗಿದೆ, ದಾರ ಬಿಚ್ಚುವಾಗ ಜೋಕೆ.

ನಿಯಮದಂತೆ ವಿವರ: ರಕ್ತದಾನಿಗಳ ಪಟ್ಟಿಯ ಬ್ಯಾಕಪ್ ದಿನವೂ ಬೆಳಗ್ಗೆ ಆರಕ್ಕೆ ತಾನಾಗಿಯೇ ಆಗಿದೆ. ಕಂಪ್ಯೂಟರಿನ ಬ್ಯಾಕಪ್ ಪುಟದಲ್ಲಿ ಏಳು ದಿನಕ್ಕೆ ಏಳು ಹಸಿರು ಗುರುತು ಬಂದಿವೆ. ಫೈಲಿನ ಗಾತ್ರ ೨೧೨ ಕೆ.ಬಿ. ಎಲ್ಲವೂ ಸರಿಯಿದೆ.

ಪ್ರತಿ ಡಿಸ್ಕಿನ ಜೊತೆ ಕೈಬರಹದ ಕಾಗದವೊಂದು ಹೋಗಬೇಕೆಂದು ಅಧ್ಯಕ್ಷರು ನಿಯಮ ಮಾಡಿದ್ದಾರೆ. ಪಟ್ಟಿಯ ಪ್ರತಿಯನ್ನು ಇಂಟರ್‌ನೆಟ್‌ನಲ್ಲೇ ಇಡಬಹುದಲ್ಲ ಎಂದು ಯಾರೋ ಕೇಳಿದಾಗ ಅವರು ಹೇಳಿದ್ದು ನಿಮಗೂ ನೆನಪಿರಬೇಕು: "ನಮ್ಮ ಮಂದಿ ನಂಬರ ಯಾರದೋ ಪರದೇಶದ ಮಷೀನಿನ್ಯಾಗ ಇರೂದು ಬ್ಯಾಡ. ಹಾನಗಲ್ಲದ ಟ್ರೆಝರಿ ಕಪಾಟಿನೊಳಗ ಇರಲಿ." ಹಾಗಾಗಿ ಅರವತ್ತಮೂರನೆಯ ವಯಸ್ಸಿನಲ್ಲಿ ನಾನು ವಾರಕ್ಕೊಮ್ಮೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುತ್ತೇನೆ. ಕಾಲು ನೋಯುತ್ತದೆ. ಅದನ್ನು ಬರೆಯಬೇಕೆಂಬ ನಿಯಮವೇನೂ ಇಲ್ಲ.

ಇತಿ,
ಕರಿಬಸಪ್ಪ
ದಾಖಲೆ ವಿಭಾಗ, ಶಿಗ್ಗಾಂವ


ಹಾನಗಲ್ಲ
೧೪ ಜೂನ್ ೨೦೨೫

ಕರಿಬಸಪ್ಪನವರಿಗೆ ಸಲಾಂ,

ಡಿಸ್ಕ್ ತಲುಪಿದೆ. ಕಪಾಟಿನಲ್ಲಿಟ್ಟು ಬೀಗ ಹಾಕಿದ್ದೇನೆ. ಹಳೆಯ ಡಿಸ್ಕನ್ನು ಡಬ್ಬಿಯಲ್ಲಿ ಕಳಿಸಿದ್ದೇನೆ. ಡಬ್ಬಿಗೆ ಹೊಸ ದಾರ ಕಟ್ಟಿದ್ದೇನೆ.

ಮೊಮ್ಮಗಳು ಶೀಲಾ ಹೇಗಿದ್ದಾಳೆ? ಈ ತಿಂಗಳು ಅವಳಿಗೆ ರಕ್ತ ಕೊಡುವ ಸರದಿ ಯಾರದಿತ್ತು, ಅವರು ಸಮಯಕ್ಕೆ ಬಂದರೇ? ಸರದಿ ಬಂದಾಗ ದಾನಿಗಳಿಗೆ ಹೋಗುವ ಮೆಸೇಜ್ ನನಗೆ ಬರುವುದು ನಿಂತು ಒಂದೂವರೆ ವರ್ಷವಾಯಿತು. ಆದ್ದರಿಂದ ಕೇಳುವ ಅಧಿಕಾರ ಇದೆಯೋ ಇಲ್ಲವೋ ತಿಳಿಯದು. ಆದರೂ ಕೇಳಿದ್ದೇನೆ.

ಮಾಹೀರಾ


ಶಿಗ್ಗಾಂವ
೨೮ ಜೂನ್ ೨೦೨೫, ಶನಿವಾರ

ಮಾಹೀರಾ ಅವರಿಗೆ,

ಡಿಸ್ಕ್ ಕಳಿಸಿದ್ದೇನೆ. ಏಳು ಹಸಿರು ಗುರುತು. ಗಾತ್ರ ೨೧೨ ಕೆ.ಬಿ. ಸರಿಯಿದೆ.

ಹೋದ ವಾರವೇ ಉತ್ತರಿಸಬೇಕಿತ್ತು. ಬರೆಯಲು ಕುಳಿತರೆ ಬರೀ ಸಿಟ್ಟೇ ಬಂದು, ಡಿಸ್ಕಿನ ವಿವರವಷ್ಟೇ ಬರೆದು ಕಳಿಸಿದೆ. ಈಗ ಸಿಟ್ಟಾಗುವುದಕ್ಕೂ ಶಕ್ತಿ ಇಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಶೀಲಾ ಹಾಗೇ ಇದ್ದಾಳೆ. ಒಂಬತ್ತು ತುಂಬಿತು. ಮಗ ಸೊಸೆ ಅಬಲೂರಿನಲ್ಲಿ ಹೊಲ ನೋಡಿಕೊಂಡಿದ್ದಾರೆ. ಆಸ್ಪತ್ರೆಗೆ ಹತ್ತಿರವೆಂದು ಮೊಮ್ಮಗಳು ನಮ್ಮಲ್ಲೇ ಇದ್ದಾಳೆ. ಇಪ್ಪತ್ತೈದು ದಿನಕ್ಕೊಮ್ಮೆ ಮುಖ ಬೆಳ್ಳಗಾಗುತ್ತದೆ, ಮೆಟ್ಟಿಲ ಮೇಲೆ ಕುಳಿತುಬಿಡುತ್ತಾಳೆ, ನಾವು ಕರೆದುಕೊಂಡು ಹೊರಡುತ್ತೇವೆ. ಅವಳ ದೇಹ ಹುಟ್ಟಿದಾಗಿನಿಂದ ಸರಿಯಾದ ರಕ್ತ ಮಾಡಿಕೊಳ್ಳುವುದಿಲ್ಲ. ಕೆಲವು ವರ್ಷಗಳಿಂದ ಬಿ ನೆಗೆಟಿವ್ ಇದ್ದವರ ರಕ್ತವೂ ಎಲ್ಲರದು ಒಗ್ಗುವುದಿಲ್ಲ. ನಾಲ್ಕು ತಾಲ್ಲೂಕು ಜಾಲಾಡಿ ಒಗ್ಗುವವರನ್ನು ಹದಿನಾಲ್ಕು ಮಂದಿ ಹುಡುಕಿದ್ದು ನೀವೇ. ಇದು ನಿಮಗೆ ಹೇಳಬೇಕಾದ್ದಲ್ಲ.

ಆ ಹದಿನಾಲ್ಕರಲ್ಲಿ ನಿಮ್ಮ ಹೆಸರೂ ಇತ್ತು. ತೆಗೆದದ್ದು ನಾನೇ. ಬಳಗದ ತಪ್ಪಲ್ಲ, ಮಷೀನಿನ ತಪ್ಪೂ ಅಲ್ಲ. ಒಂದೂವರೆ ವರ್ಷದ ಹಿಂದಿನ ಬಳಗದ ಸಭೆಯಲ್ಲಿ ಎಲ್ಲರೆದುರು ನೀವು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಕಾಕಾ, ಒಮ್ಮೆ ರಿಸ್ಟೋರ್ ಮಾಡಿ ನೋಡೂಣು. ಹಗ್ಗ ಗಟ್ಟಿ ಐತೋ ಇಲ್ಲೋ ಅನ್ನೂದನ್ನ ಬಾವ್ಯಾಗ ಇಳಿಯೂಕಿಂತ ಮೊದಲ ನೋಡಬೇಕ್ರಿ." ಎಲ್ಲರೂ ನಕ್ಕರು. ಮೂವತ್ತು ವರ್ಷ ದಾಖಲೆ ಬರೆದವನ ಕೆಲಸ ಸಂತೆಯ ಹಗ್ಗವಾಯಿತು. "ನನ್ನ ಕೈಮ್ಯಾಲೆ ನಂಬಿಕಿ ಇಲ್ಲದವರು ನನ್ನ ಮೊಮ್ಮಗಳಿಗೆ ರಕ್ತ ಕೊಡೂದೂ ಬ್ಯಾಡ" ಅಂದೆ. ಮರುದಿನ ಹೆಸರು ಅಳಿಸಿದೆ. ಮುಂದಿನ ತಿಂಗಳು ನೀವು ಹಾನಗಲ್ಲಕ್ಕೆ ಹೋದಿರಿ.

ಪ್ರತಿಯನ್ನು ಮರಳಿ ತೆರೆಯುವ ಆ ರಿಸ್ಟೋರ್ ಎಂಬ ಗುಂಡಿಯನ್ನು ನಾನು ಒತ್ತುವುದಿಲ್ಲ. ಹಳೆಯ ಪ್ರತಿ ಬಂದು ಇವತ್ತಿನ ಪಟ್ಟಿಯ ಮೇಲೆ ಕುಳಿತರೆ ಯಾರು ಹೊಣೆ?

ಇತಿ,
ಕರಿಬಸಪ್ಪ


ಹಾನಗಲ್ಲ
೫ ಜುಲೈ ೨೦೨೫

ಕರಿಬಸಪ್ಪನವರಿಗೆ ಸಲಾಂ,

ಹೆಸರು ತೆಗೆದದ್ದು ನೀವೇ ಎಂದು ನನಗೆ ಅಂದೇ ಗೊತ್ತಿತ್ತು. ನೀವು ಬರೆದದ್ದಕ್ಕೆ ಸಂತೋಷವಾಯಿತು. ನೋವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗ ಕೆಲಸದ ಮಾತು. ದಯವಿಟ್ಟು ಪೂರ್ತಿ ಓದಿ. ನಾನು ಇಲ್ಲಿಗೆ ಬಂದಾಗಿನಿಂದ ನೀವು ಬರೆದ ಎಪ್ಪತ್ತೆರಡು ಕಾಗದಗಳೂ ನನ್ನ ಹತ್ತಿರ ಇವೆ. ಮೊನ್ನೆ ಕೆಲಸವಿಲ್ಲದೆ ಕುಳಿತಾಗ ಒಂದೊಂದಾಗಿ ತೆಗೆದು ನೋಡಿದೆ. ಮೊದಲ ಕಾಗದದಲ್ಲಿ ಗಾತ್ರ ೨೧೨ ಕೆ.ಬಿ. ಎಪ್ಪತ್ತೆರಡನೆಯದರಲ್ಲೂ ೨೧೨ ಕೆ.ಬಿ. ನಡುವೆ ಹಿರೇಕೆರೂರಿನ ಶಿಬಿರವಾಯಿತು, ಸವಣೂರಿನಲ್ಲಿ ಎರಡು ಶಿಬಿರಗಳಾದವು, ಎರಡು ಸಾವಿರ ಹೊಸ ಹೆಸರುಗಳು ಸೇರಿದವು. ಕೂಸು ಬೆಳೆದರೆ ಅಂಗಿ ಗಿಡ್ಡವಾಗಬೇಕಲ್ಲ? ಇಲ್ಲಿ ಅಂಗಿ ಹಾಗೇ ಇದೆ. ಒಳಗೆ ಕೂಸು ಇದೆಯೇ ಎಂದು ನನಗೆ ಹೆದರಿಕೆಯಾಗಿದೆ.

ಇವತ್ತಿನ ಪಟ್ಟಿಗೆ ಕೈ ಹಚ್ಚುವುದು ಬೇಡ. ಬೇರೊಂದು ಮಷೀನಿನಲ್ಲಿ, ಬೇರೆ ಹೆಸರಿನಲ್ಲಿ ಮರಳಿ ತೆರೆದು ನೋಡಬಹುದು. ಇಂಜಿನಿಯರ್ ಸಂಜಯನಿಗೆ ಹೇಳಿದರೆ ಅರ್ಧ ಗಂಟೆಯ ಕೆಲಸ. ನನ್ನ ಮೇಲಿನ ಸಿಟ್ಟನ್ನು ಬದಿಗಿಟ್ಟು ಇದೊಂದನ್ನು ಮಾಡಿ. ಬೇಕಿದ್ದರೆ ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡಿ.

ಹಳೆಯ ನೋಟುಪುಸ್ತಕಗಳನ್ನು ನಾವು ಸುಟ್ಟದ್ದು ನಿಮಗೆ ನೆನಪಿದೆ. ಹೊರಗಿನವರು ಯಾರೋ ಪಟ್ಟಿ ಹಿಡಿದುಕೊಂಡು ದಾನಿಗಳ ಮನೆಮನೆಗೆ ಹೋಗಿ ಕಾಡಿದ ಮೇಲೆ, ಕಾಗದದ ಮೇಲಾಗಲಿ ಫೋನಿನಲ್ಲಾಗಲಿ ಒಂದು ನಂಬರೂ ಇರಬಾರದೆಂದು ನಿರ್ಣಯವಾಯಿತು. ಆ ಪಟ್ಟಿ ಹೋದರೆ ನಮ್ಮ ಹತ್ತಿರ ಮತ್ತೇನೂ ಇಲ್ಲ.

ಮಾಹೀರಾ


ಶಿಗ್ಗಾಂವ
೨ ಆಗಸ್ಟ್ ೨೦೨೫, ಶನಿವಾರ

ಮಾಹೀರಾ ಅವರಿಗೆ,

ಡಿಸ್ಕ್ ಕಳಿಸಿದ್ದೇನೆ. ಏಳು ಹಸಿರು ಗುರುತು. ಗಾತ್ರ ೨೧೨ ಕೆ.ಬಿ.

ಸಂಜಯನಿಗೆ ಫೋನ್ ಮಾಡಿದ್ದೆ. "ಕಂಪ್ಯೂಟರ ಹಿಂಡಿ ಇಡತೈತ್ರಿ ಯಜಮಾನ್ರ, ಗಾತ್ರ ಅಷ್ಟ ಕಾಣತೈತಿ. ಸಾವಕಾಶ ಬಂದು ನೋಡ್ತೇನಿ" ಅಂದ. ಅವನ ಸಾವಕಾಶ ಇನ್ನೂ ಬಂದಿಲ್ಲ. ನನಗೂ ಬೆನ್ನು ಹತ್ತಿ ಕೇಳುವ ಉಮೇದಿಲ್ಲ. ಹಸಿರು ಅಂದರೆ ಹಸಿರು.

ಇತಿ,
ಕರಿಬಸಪ್ಪ


ಶಿಗ್ಗಾಂವ
೧೨ ಆಗಸ್ಟ್ ೨೦೨೫, ಮಂಗಳವಾರ

ಮಾಹೀರಾ ಅವರಿಗೆ, ತುರ್ತು.

ನಿನ್ನೆ ಮಧ್ಯಾಹ್ನದ ಗುಡುಗು ಮಳೆಯಲ್ಲಿ ಕರೆಂಟು ಹೋಗಿ, ಬಂದು, ಮತ್ತೆ ಹೋಗಿ, ನಮ್ಮ ದೊಡ್ಡ ಮಷೀನು ಸುಟ್ಟಿದೆ. ವಾಸನೆ ಬಂತು, ಅಷ್ಟೇ. ಸಂಜಯ ಇವತ್ತು ಬೆಳಗ್ಗೆ ಬಂದು ಬಿಚ್ಚಿ ನೋಡಿ, ಒಳಗಿನ ಎರಡು ಡಿಸ್ಕೂ ಹೋಗಿವೆ ಅಂದ. ನನ್ನಲ್ಲಿದ್ದ ಶನಿವಾರದ ಡಿಸ್ಕ್ ಆಗ ಅದೇ ಮಷೀನಿಗೆ ಚುಚ್ಚಿಕೊಂಡಿತ್ತು, ಅದೂ ಹೋಯಿತು. ಇನ್ನು ಉಳಿದಿರುವುದು ನಿಮ್ಮ ಕಪಾಟಿನಲ್ಲಿರುವುದೊಂದೇ.

ಎರಡು ದಿನದಿಂದ ಯಾವ ದಾನಿಗೂ ಮೆಸೇಜ್ ಹೋಗಿಲ್ಲ. ಬೇರೆ ಮಕ್ಕಳಿಗೆ ರಕ್ತನಿಧಿಯಲ್ಲಿ ದೊರೆಯುವ ರಕ್ತ ನಡೆಯುತ್ತದೆ. ಶೀಲಾಳಿಗೆ ನಡೆಯುವುದಿಲ್ಲ. ಅವಳ ದಿನ ಆಗಸ್ಟ್ ಮೂವತ್ತು. ಬಂದವರ ರಕ್ತ ಪರೀಕ್ಷೆಯಾಗಿ ಬರಲು ಎರಡು ಮೂರು ದಿನ ಬೇಕು.

ಆದರೆ ಚಿಂತೆಯಿಲ್ಲ. ಇದೇ ದಿನಕ್ಕೆಂದು ತಾನೇ ಇಷ್ಟು ವರ್ಷ ಡಬ್ಬಿ ಹೊತ್ತದ್ದು? ಡಿಸ್ಕ್ ಕಳಿಸಿ.

ಕರಿಬಸಪ್ಪ


ಹಾನಗಲ್ಲ
೧೩ ಆಗಸ್ಟ್ ೨೦೨೫

ಕರಿಬಸಪ್ಪನವರಿಗೆ,

ಡಿಸ್ಕ್ ಕಳಿಸಿದ್ದೇನೆ. ಗುತ್ತೆಪ್ಪನಿಗೆ ಸೀಟಿನ ಮೇಲೆ ಇಡಬೇಡ, ತೊಡೆಯ ಮೇಲೆ ಇಟ್ಟುಕೋ ಎಂದಿದ್ದೇನೆ. "ಏನ್ರೀ ಬಾಯರ, ಕೂಸು ಒಯ್ದಂಗ ಒಯ್ಯಬೇಕೇನು?" ಎಂದು ನಕ್ಕ. ಹೌದು ಎಂದೆ.

ನಾನು ಇಲ್ಲಿ ತೆರೆದು ನೋಡಿಲ್ಲ. ತೆರೆಯಬಹುದಿತ್ತು. ಒಳಗೆ ಏನಿದ್ದರೂ ಅದನ್ನು ನನ್ನಿಂದ ಕೇಳುವುದು ನಿಮಗೆ ಕಷ್ಟವಾಗುತ್ತದೆ ಎಂದು ಹಾಗೇ ಬಿಟ್ಟೆ.

ಮಾಹೀರಾ


ಶಿಗ್ಗಾಂವ
೨೩ ಆಗಸ್ಟ್ ೨೦೨೫, ಶನಿವಾರ

ತಂಗಿ ಮಾಹೀರಾ,

ಹತ್ತು ದಿನ ಬರೆಯಲಿಲ್ಲ. ಬರೆಯುವ ಮುಖ ಇರಲಿಲ್ಲ. ಇವತ್ತು ಶನಿವಾರ, ಗುತ್ತೆಪ್ಪನ ಬಸ್ಸು ಹೊರಡಲು ಒಂದು ಗಂಟೆ ಇದೆ. ಡಬ್ಬಿಯಲ್ಲಿ ಡಿಸ್ಕ್ ಇಲ್ಲ, ಈ ಕಾಗದ ಮಾತ್ರ ಇದೆ.

ಸಂಜಯ ಹೊಸ ಮಷೀನು ಜೋಡಿಸಿ ನಿನ್ನ ಡಿಸ್ಕ್ ಚುಚ್ಚಿದ. ಬ್ಯಾಕಪ್ ಪುಟ ತೆರೆದ. ರಿಸ್ಟೋರ್ ಗುಂಡಿಯನ್ನು ನನ್ನ ಕೈಯಿಂದಲೇ ಒತ್ತಿಸಿದ. ಅರೆಕ್ಷಣದಲ್ಲಿ ಹಸಿರು ಗುರುತು ಬಂತು. ಪಟ್ಟಿ ತೆರೆದರೆ ಮೂರೇ ಸಾಲು.

ಮೊದಲ ಸಾಲು: ಹೆಸರು, ಶ್ರೀ ಬಸವೇಶ್ವರ ಪ್ರಸನ್ನ. ಊರು, ಎಲ್ಲ ಕಡೆ. ರಕ್ತದ ಗುಂಪು, ಗೊತ್ತಿಲ್ಲ.

ಈಗ ನಿನಗೂ ನೆನಪಾಗಿರಬೇಕು. ಎರಡು ವರ್ಷದ ಹಿಂದೆ ಕಂಪ್ಯೂಟರಿನ ಪಟ್ಟಿ ಬಸವ ಜಯಂತಿಯ ದಿನವೇ ಶುರುವಾಗಬೇಕೆಂದು ಹಟ ಹಿಡಿದವನು ನಾನು. ಸಂಜಯ ಬರಲಾಗದೆ ಫೋನಿನಲ್ಲೇ ಹೇಳಿಕೊಟ್ಟ. ಮಾನಿಟರಿಗೆ ವಿಭೂತಿ ಹಚ್ಚಿ, ಹೊಸ ಲೆಕ್ಕದ ವಹಿಯ ಮೊದಲ ಸಾಲಿನಲ್ಲಿ ದೇವರ ಹೆಸರು ಬರೆಯುವಂತೆ ಇಲ್ಲಿಯೂ ಬರೆದೆವು. ರಕ್ತದ ಗುಂಪು ತುಂಬದೆ ಮಷೀನು ಮುಂದೆ ಹೋಗಲಿಲ್ಲ. ಗೊತ್ತಿಲ್ಲ ಎಂದು ಒತ್ತಿದವಳು ನೀನೇ, ಇಬ್ಬರೂ ನಕ್ಕಿದ್ದೆವು. ಮುಹೂರ್ತ ಮೀರಬಾರದೆಂದು ಬ್ಯಾಕಪ್ಪಿನ ವೇಳೆಯನ್ನೂ ಆಗಲೇ ಗೊತ್ತುಮಾಡಿ ಪೇಡೆ ಹಂಚಿದೆವು. ಮೂರು ದಿನ ಬಿಟ್ಟು ಸಂಜಯ ಬಂದ. ಇದರಲ್ಲಿ ಕಾಲಮ್ಮು ಸಾಲುವುದಿಲ್ಲ ಎಂದು ಬೇರೆ ಪಟ್ಟಿ ಮಾಡಿದ. ಅಂದಿನಿಂದ ಎಲ್ಲ ಹೆಸರೂ ಆ ಹೊಸದರಲ್ಲೇ ಹೋದವು. ಬ್ಯಾಕಪ್ ಪುಟಕ್ಕೆ ಅದನ್ನು ಯಾರೂ ಹೇಳಲಿಲ್ಲ. ಅದು ದಿನವೂ ಬೆಳಗ್ಗೆ ಆರಕ್ಕೆದ್ದು ಮುಹೂರ್ತದ ಪಟ್ಟಿಯನ್ನೇ ನಿಷ್ಠೆಯಿಂದ ನಕಲು ಮಾಡಿದೆ.

ಹಸಿರು ಗುರುತಿನ ಪಕ್ಕದಲ್ಲೇ ಯಾವ ಪಟ್ಟಿಯ ನಕಲು ಎಂದು ಸಣ್ಣ ಅಕ್ಷರದಲ್ಲಿ ಬರುತ್ತಿತ್ತು. ಎಂಟು ನೂರು ದಿನಕ್ಕೂ ಮೇಲೆ ಆ ಪುಟ ನೋಡಿದ್ದೇನೆ. ಹಸಿರು ನೋಡಿದೆ, ಹೆಸರು ನೋಡಲಿಲ್ಲ. ನೀನು ಹೇಳಿದೆ, ಎರಡು ಸಲ ಹೇಳಿದೆ. ನಾನು ಕೇಳಲಿಲ್ಲ. ತಪ್ಪು ನನ್ನದು, ತಂಗಿ. ಇದಕ್ಕಿಂತ ದೊಡ್ಡ ಮಾತು ನನಗೆ ಬರುವುದಿಲ್ಲ.

ಎರಡನೆಯ ಸಾಲಿನಲ್ಲಿ ಶೀಲಾ, ವಯಸ್ಸು ಏಳು, ಬಿ ನೆಗೆಟಿವ್. ದೇವರ ಬಳಿಕ ಅವಳ ಹೆಸರನ್ನೇ ಬರೆಯಬೇಕೆಂದು ನಾನು ಹೇಳಿದ್ದೆ.

ಮೂರನೆಯ ಸಾಲಿನಲ್ಲಿ ನೀನು.

ನಾನು ಹೊಸ ಪಟ್ಟಿಯಿಂದ ಅಳಿಸಿದ್ದೆನಲ್ಲ, ಆ ಹೆಸರು. ಒಗ್ಗುವ ಹದಿನಾಲ್ಕು ಮಂದಿಯಲ್ಲಿ ಉಳಿದು ಬಂದಿರುವುದು ಅದೊಂದೇ.

ಉಳಿದವರನ್ನು ಹುಡುಕಲು ವಾರವಿಡೀ ಅಲೆದೆ. ದಾನಿಗಳಿಗೆ ಮಗು ಯಾರೆಂದು ತಿಳಿಯದು, ನಮಗೆ ದಾನಿಗಳ ಮುಖ ತಿಳಿಯದು; ನಿಯಮ ಹಾಗೆ ಮಾಡಿಕೊಂಡಿದ್ದೆವು. ತಡಸದ ಒಬ್ಬ ಮಾಸ್ತರರು ಎಂದು ಅರೆಬರೆ ನೆನಪಿತ್ತು. ಹೋದೆ. ವರ್ಗವಾಗಿ ಹೋಗಿದ್ದಾರೆ, ಎಲ್ಲಿಗೆಂದು ಹೇಳುವವರು ರಜೆಯಲ್ಲಿದ್ದರು. ರಕ್ತನಿಧಿಯವರ ಹತ್ತಿರ ಚೀಲದ ಸಂಖ್ಯೆಗಳಿವೆ. ಯಾರ ರಕ್ತ ಯಾವ ಮಗುವಿಗೆ ಒಗ್ಗಿತು ಎಂಬುದು ನಮ್ಮ ಪಟ್ಟಿಯಲ್ಲೇ ಇತ್ತು. ಅವರು ಹುಡುಕಿಕೊಡುತ್ತಾರಂತೆ, ಒಂದೆರಡು ತಿಂಗಳು ಬೇಕಂತೆ. ಶೀಲಾ ನಿನ್ನೆಯಿಂದ ಮೆಟ್ಟಿಲ ಮೇಲೆ ಕೂರುತ್ತಿದ್ದಾಳೆ.

ನಿನ್ನ ನಂಬರು ನನಗೆ ಬಾಯಿಪಾಠ. ಆದರೂ ಆ ಮೂರು ಸಾಲು ಕಾಣುವವರೆಗೆ ನಿನ್ನ ಹೆಸರು ಮನಸ್ಸಿಗೆ ಬರದಂತೆ ನೋಡಿಕೊಂಡಿದ್ದೆ. ಕಂಡ ಮೇಲೂ ವಾರವಿಡೀ ಊರೂರು ತಿರುಗಿದೆ, ನಿನ್ನನ್ನು ಕೇಳುವುದು ತಪ್ಪಲಿ ಎಂದು. ನಿನ್ನೆ ಎರಡು ಸಲ ಫೋನು ಹಚ್ಚಿ ಕಟ್ ಮಾಡಿದೆ. ಮನೆಯವಳು ಅನ್ನವ್ವ ನೋಡುತ್ತ ನಿಂತಿದ್ದಳು. "ನಿಮ್ಮ ಮಾನ ದೊಡ್ಡದೋ, ಕೂಸಿನ ಜೀವ ದೊಡ್ಡದೋ? ಬಾಯಿಲೆ ಆಗದಿದ್ರ ಬರದರ ಕಳಸ್ರಿ" ಅಂದಳು.

ಬರೆದಿದ್ದೇನೆ. ಬರುವೆಯಾ ಎಂದು ಕೇಳುತ್ತಿದ್ದೇನೆ.

ಕರಿಬಸಪ್ಪ


ಹಾನಗಲ್ಲ
೨೩ ಆಗಸ್ಟ್, ಸಂಜೆ

ಕಾಕಾ,

ಗುತ್ತೆಪ್ಪ ಮರಳಿ ಹೊರಡುವ ಮೊದಲು ಇಷ್ಟು ಬರೆಯುತ್ತಿದ್ದೇನೆ. ಫೋನ್ ಮಾಡಬಹುದು, ಆದರೆ ನನ್ನ ದನಿ ಕೇಳಿ ನೀವು ಅಳುತ್ತೀರಿ, ನಾನೂ ಅಳುತ್ತೇನೆ, ಕೆಲಸ ಹಾಗೇ ಉಳಿಯುತ್ತದೆ.

ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಚಹಾ ಅಷ್ಟೇ ಸಾಲದು. ಅನ್ನವ್ವ ಕಾಕೂಗೆ ಹೇಳಿ, ರೊಟ್ಟಿ ಎಣ್ಣೆಗಾಯಿ ಬೇಕು. ಹಸಿದ ಹೊಟ್ಟೆಯವರ ರಕ್ತ ತೆಗೆದುಕೊಳ್ಳುವುದಿಲ್ಲ.

ಹೆಣ್ಣುಮಕ್ಕಳು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಈ ಒಂದೂವರೆ ವರ್ಷದಲ್ಲಿ ನಾಲ್ಕು ಸಲ ನನ್ನ ಸರದಿ ಬಂದು ಹೋಗಿದೆ. ಪ್ರತಿ ಸಲವೂ ಆ ವಾರ ಮೆಸೇಜ್ ಬರುತ್ತದೇನೋ ಎಂದು ಫೋನು ನೋಡಿಕೊಂಡು ಕುಳಿತಿದ್ದೇನೆ. ಬೇರೆ ಕಡೆ ಕೊಡಲಿಲ್ಲ. ಅದು ಸರಿಯೋ ತಪ್ಪೋ ಗೊತ್ತಿಲ್ಲ. ಕೊಟ್ಟ ಮರುವಾರವೇ ಶೀಲಾಳಿಗೆ ಬೇಕಾದರೆ ಏನು ಮಾಡಲಿ ಎಂಬ ಹೆದರಿಕೆ ಇತ್ತು.

ಮುಂದಿನ ತಿಂಗಳಿಗೆ ಇನ್ನೊಬ್ಬರು ಬೇಕಲ್ಲ. ಬಂದ ಮೇಲೆ ಇಬ್ಬರೂ ಕುಳಿತು ನೆನಪು ಮಾಡಿಕೊಳ್ಳೋಣ. ಸವಣೂರು ಬಂಕಾಪುರದ ಕಡೆಯವರನ್ನು ನಾನು ಹುಡುಕುತ್ತೇನೆ. ಆ ಮೂರು ಸಾಲು ಮಾತ್ರ ಅಳಿಸಬೇಡಿ.

ನಿಮ್ಮ
ಮಾಹೀರಾ


ಶಿಗ್ಗಾಂವ
೮ ನವೆಂಬರ್ ೨೦೨೫, ಶನಿವಾರ

ತಂಗಿ ಮಾಹೀರಾ,

ಡಿಸ್ಕ್ ಕಳಿಸಿದ್ದೇನೆ. ಡಬ್ಬಿ ಹೊಸದು. ಹಳೆಯದರ ಮುಚ್ಚಳ ಕೊನೆಗೂ ಗುತ್ತೆಪ್ಪನ ಬಸ್ಸಿನಲ್ಲೇ ಬಿದ್ದುಹೋಯಿತು.

ಹೋದ ವಾರ ಬಂಕಾಪುರಕ್ಕೆ ಹೋಗಿದ್ದೆ. ನೀನು ಬರೆದುಕೊಟ್ಟ ವಿಳಾಸ ಸರಿಯಿತ್ತು, ಆದರೆ ಉಸ್ಮಾನಸಾಬರು ಅಕ್ಟೋಬರಿನಲ್ಲಿ ತೀರಿಕೊಂಡಿದ್ದಾರೆ. ಅವರ ಮನೆಯವರು ರಮಜಾನಬಿ ನನ್ನನ್ನು ಕೂರಿಸಿ ಚಹಾ ಕೊಟ್ಟರು. "ಸೆಪ್ಟೆಂಬರದಾಗ ರಕ್ತ ಕೊಡೂ ಮೆಸೇಜ್ ಬರಬೇಕಿತ್ತು, ಯಾಕ ಬರಲಿಲ್ಲ, ಮಂದಿ ನನ್ನ ಮರತ್ರೇನು ಅಂತ ಕೇಳ್ತಿದ್ರು" ಅಂದರು. ಯಾಕೆ ಬರಲಿಲ್ಲ ಎಂದು ಹೇಳಿದೆ. ಪೂರ್ತಿ ಹೇಳಿದೆ. ಬರುವಾಗ ಕಾಲು ಬಹಳ ನೋಯುತ್ತಿತ್ತು.

ತಡಸದ ಮಾಸ್ತರರು ಹಿರೇಕೆರೂರಿನಲ್ಲಿ ಸಿಕ್ಕರು. ಶೀಲಾಳಿಗೆ ಒಗ್ಗುವವರು ಈಗ ಒಂಬತ್ತು ಮಂದಿ ಆದರು. ಅವಳು ಮೊನ್ನೆ ರಕ್ತ ಹಾಕಿಸಿಕೊಂಡು ಬಂದು, ಮೆಟ್ಟಿಲು ಹತ್ತಿ ಮಾಳಿಗೆಗೆ ಹೋಗಿ, ಒಣಹಾಕಿದ ಶೇಂಗಾ ತಿಂದು ಅಜ್ಜಿಯ ಕೈಲಿ ಬೈಸಿಕೊಂಡಳು. ಉಳಿದ ಹೆಸರುಗಳು ಯಾವಾಗ ಮುಗಿಯುತ್ತವೋ. ನಾಲ್ಕು ತಾಲ್ಲೂಕಿನ ಮೂರರಲ್ಲಿ ಒಂದು ಭಾಗವೂ ಆಗಿಲ್ಲ. ನನ್ನ ಕಾಲದಲ್ಲಿ ಮುಗಿಯಲಿಕ್ಕಿಲ್ಲ.

ಎಲ್ಲ ಹೊಸದಾಗಿ ಶುರು ಮಾಡೋಣ ಎಂದು ಸಂಜಯ ಹೇಳಿದ್ದ. ನಾನು ಒಪ್ಪಲಿಲ್ಲ. ಉಳಿದ ಆ ಮೂರು ಸಾಲಿನ ಕೆಳಗೇ ಮುಂದಿನ ಹೆಸರು ಬರೆಯುತ್ತ ಹೋಗುತ್ತಿದ್ದೇನೆ.

ಇನ್ನು ನಿಯಮದ ವಿವರ. ಏಳು ಹಸಿರು ಗುರುತು ಬಂದಿವೆ, ಅವನ್ನು ನಂಬಿಲ್ಲ. ಹೋದ ವಾರ ಗಾತ್ರ ೬೩೧ ಕೆ.ಬಿ., ಈ ವಾರ ೬೪೮. ಇವತ್ತು ಬೆಳಗ್ಗೆ ಮೂಲೆಯ ಹಳೆಯ ಮಷೀನಿನಲ್ಲಿ ರಿಸ್ಟೋರ್ ಮಾಡಿ, ಮೊದಲ ಸಾಲಿನಿಂದ ಬೆರಳಿಟ್ಟು ಓದಿದೆ. ದೇವರಿದ್ದಾನೆ. ಶೀಲಾ ಇದ್ದಾಳೆ. ನೀನಿದ್ದೀ.

ಉಳಿದವರನ್ನು ಅಲ್ಲಿ ನೀನೂ ಒಮ್ಮೆ ತೆರೆದು ನೋಡು. ಸರಿಯಿದೆ ಎಂದು ನಾನು ಬರೆಯುವುದಿಲ್ಲ. ನೋಡಿದ ಮೇಲೆ ನೀನು ಬರೆ.

ಕರಿಬಸಪ್ಪ ಕಾಕಾ